ಕುದಿಸಿದ ಮೇಲೆ ಹೆಪ್ಪು: ರೇಷನ್ ರಾಗಿಯಲ್ಲಿ ನಾವು ಮಾಡುವ ಅಂಬಲಿ

ಅಂಬಲಿ ಹುಳಿ ಬರಿಸುವುದು ಬಾಗೇಪಲ್ಲಿ ಕಡೆ ಯಾರಿಗೂ ಹೊಸದಲ್ಲ. ಆದರೆ ರಾತ್ರಿ ಹುಳಿ ಬಂದ ಹಿಟ್ಟನ್ನು ಬೆಳಿಗ್ಗೆ ಕುದಿಸಿದರೆ ಅದರಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಹುಳಿಯಷ್ಟೇ ಉಳಿಯುತ್ತದೆ. ಅವು ಜೀವಂತವಾಗಿ ಹೊಟ್ಟೆ ಸೇರಬೇಕೆಂದರೆ ಬೇಯಿಸಿ ಆರಿಸಿದ ಮೇಲೆ ಇನ್ನೊಮ್ಮೆ ಹೆಪ್ಪು ಹಾಕಬೇಕು. ಇಂಥ ಜೀವಂತ ಬ್ಯಾಕ್ಟೀರಿಯಾ ಇರುವ ಅಂಗಡಿಯ ಪ್ರೊಬಯಾಟಿಕ್ ಬಾಟಲಿ ದಿನಾ ಕೊಳ್ಳಲಾಗದ ಕೂಲಿ ಮನೆಗಳಿಗೆ ನಮ್ಮ ಸ್ತ್ರೀಶಕ್ತಿ ಸಂಘ ಕೊಡುವುದು ಇದನ್ನೇ.

ರೇಷನ್ ರಾಗಿಯಲ್ಲಿ ಕಲ್ಲು, ಧೂಳು ಇರುತ್ತದೆ. ಕೇರಿ, ತೊಳೆದು, ಗರಿಗರಿ ಒಣಗಿಸಿ ಮಿಲ್ಲಿಗೆ ಹಾಕಿಸುತ್ತೇವೆ. ಇಪ್ಪತ್ತು ಲೋಟಕ್ಕೆ, ಅಂದರೆ ಸುಮಾರು 5 ಲೀಟರಿಗೆ, ಅರ್ಧ ಕೆಜಿ ಹಿಟ್ಟು. ಸಂಜೆ 1 ಲೀಟರ್ ನೀರಿನಲ್ಲಿ ಗಂಟಿಲ್ಲದೆ ಕದಡಿ ಮುಚ್ಚಿಡುತ್ತೇವೆ. ಕುದಿಸಿದರೂ ಈ ರಾತ್ರಿಯ ಹುದುಗು ದಂಡವಲ್ಲ: ರಾಗಿಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಕಡಿಮೆಯಾಗಿ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಬೆಳಿಗ್ಗೆ ಎರಡೂವರೆ ಲೀಟರ್ ಕುದಿಯುವ ನೀರಿಗೆ ಸುರಿದು, ತಳ ಹಿಡಿಯದಂತೆ ಕೈಯಾಡಿಸುತ್ತಾ ಕಾಲು ಗಂಟೆ ಬೇಯಿಸಬೇಕು.

ಕೆಡುವುದು ಹೆಚ್ಚಾಗಿ ಇದರ ಮುಂದಿನ ಹೆಜ್ಜೆಯಲ್ಲಿ. ಅಂಬಲಿಯ ಮೇಲೆ ಕೆನೆ ಕಟ್ಟಿ ಆರಿದಂತೆ ಕಂಡರೂ ಒಳಗೆ ಸುಡುತ್ತಿರುತ್ತದೆ. ತಳದಿಂದ ಕದಡಿ, ಒಂದು ಹನಿ ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ. ಹಿತವಾಗಿ ಬೆಚ್ಚಗಿದ್ದರೆ ಸಾಕು, 40 ಡಿಗ್ರಿ ಆಸುಪಾಸು. ಚುರುಕ್ ಎಂದರೆ ಹೆಪ್ಪು ಸತ್ತಂತೆಯೇ. ಹಿತವಾದ ಬಿಸಿಗೆ ಬಂದ ಮೇಲೆ 200 ಮಿಲಿ ಮೊಸರನ್ನು 1 ಲೀಟರ್ ಕಾಯಿಸಿ ಆರಿಸಿದ ನೀರಿನಲ್ಲಿ ಕಡೆದು ಬೆರೆಸುತ್ತೇವೆ. ಬೇಸಿಗೆಯಲ್ಲಿ ನಾಲ್ಕೈದು ಗಂಟೆ ಸಾಕು. ಡಿಸೆಂಬರ್, ಜನವರಿಯ ಚಳಿಗೆ ಪಾತ್ರೆಗೆ ಗೋಣಿ ಸುತ್ತಿ ರಾತ್ರಿಯಿಡೀ ಬಿಡಬೇಕು, ಹಾಗಾಗಿ ಆ ತಿಂಗಳುಗಳಲ್ಲಿ ಬೇಯಿಸುವುದನ್ನೇ ಸಂಜೆಗೆ ಹಾಕಿಕೊಳ್ಳುತ್ತೇವೆ. ಹುಳಿ ಅಳೆಯುವ ಪಿಹೆಚ್ ಪಟ್ಟಿ 4.5ಕ್ಕಿಂತ ಕೆಳಗೆ ತೋರಿಸಿದ ಮೇಲೆಯೇ ಹಂಚುವುದು (ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಆ ಹುಳಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯವು. ಹಾಗೆಂದು ಕೊಳಕು ಕೈ, ಕೊಳಕು ಪಾತ್ರೆಯನ್ನು ಹುಳಿ ಸರಿಮಾಡುತ್ತದೆ ಎಂದುಕೊಳ್ಳಬೇಡಿ. ಉಪ್ಪು, ಈರುಳ್ಳಿ, ಜೀರಿಗೆ ಎಲ್ಲ ಬಡಿಸುವಾಗ.

ನೀರಿನ ವಿಷಯದಲ್ಲಿ ಎರಡು ತೊಡಕು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಅದೇ ನೀರಿನಲ್ಲಿ ಮಜ್ಜಿಗೆ ಕಡೆದರೆ ಹೆಪ್ಪು ಸರಿಯಾಗಿ ಹತ್ತುವುದಿಲ್ಲ, ಕಾಯಿಸಿ ಆರಿಸಿದರೆ ಕ್ಲೋರಿನ್ ಹೋಗುತ್ತದೆ. ಬೋರ್‌ವೆಲ್ಲಿನ ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಇನ್ನೂ ದಟ್ಟವಾಗುತ್ತದೆ. ಅದಕ್ಕೇ ಶುದ್ಧ ನೀರಿನ ಘಟಕದ ಕ್ಯಾನೇ ಬಳಸುವುದು.

ಪಾತ್ರೆ ಸ್ಟೀಲಿನದ್ದೋ ಮಣ್ಣಿನದ್ದೋ ಇರಲಿ. ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ ಬೇಡ, ಹುಳಿ ಅವನ್ನು ತಿನ್ನುತ್ತದೆ. ಹೆಪ್ಪಿಗೆ ಮಜ್ಜಿಗೆಯನ್ನೇ ಕೊಳ್ಳುವುದಾದರೆ ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದ ಟೆಟ್ರಾ ಪ್ಯಾಕ್ ಬೇಡ. ಅದನ್ನು ಕಾಯಿಸಿಯೇ ತುಂಬಿರುತ್ತಾರೆ, ಬ್ಯಾಕ್ಟೀರಿಯಾ ಸತ್ತಿರುತ್ತವೆ. ಹೆಪ್ಪಿನ ಮೊಸರು ಲೋಳೆಯಾಗಿ ನೂಲೆಳೆದರೆ ಬೇರೆ ಮನೆಯ ಹೆಪ್ಪು ತನ್ನಿ. ಅಂಬಲಿಯ ಮೇಲೆ ಗುಲಾಬಿ ಇಲ್ಲವೇ ಕಪ್ಪು ಬೂಷ್ಟು ಕಂಡರೆ ಕೆನೆ ತೆಗೆದು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಚೆಲ್ಲಿ.

ಇದನ್ನು ಪ್ರೊಬಯಾಟಿಕ್ ಎಂದು ಬೋರ್ಡು ಬರೆಸಿಲ್ಲ. 2001ರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆ (ಎಫ್‌ಎಒ) ವ್ಯಾಖ್ಯೆಯ ಪ್ರಕಾರ ಜೀವಂತ ಸೂಕ್ಷ್ಮಜೀವಿಗಳು ಸಾಕಷ್ಟು ಪ್ರಮಾಣದಲ್ಲಿದ್ದು ಆರೋಗ್ಯಕ್ಕೆ ಪ್ರಯೋಜನ ಕೊಡಬೇಕು. ಮನೆ ಮೊಸರಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಯಾರೂ ಎಣಿಸಿಲ್ಲ. ಭೇದಿಗೆ ಮದ್ದು ಎಂದು ಹೇಳಿ ಕೊಡುವುದೂ ಇಲ್ಲ. ಭೇದಿಯಾದ ಮಗುವಿಗೆ ಮೊದಲು ಓಆರ್‌ಎಸ್ ಕುಡಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಆರು ತಿಂಗಳೊಳಗಿನ ಕೂಸಿಗೆ ತಾಯಿಹಾಲು ಬಿಟ್ಟು ಇನ್ನೇನೂ ಬೇಡ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಡಾಕ್ಟರನ್ನು ಕೇಳಿಯೇ ಕುಡಿಯಲಿ.

ಟೊಮೆಟೊ ಬಿಡಿಸಲು ಹೋಗುವವರಿಗೆ ಏಳು ಗಂಟೆಯೊಳಗೆ ಕೈಗೆ ಸಿಗದಿದ್ದರೆ ಎಷ್ಟು ಅಗ್ಗವಾದರೂ ಉಪಯೋಗವಿಲ್ಲ. ಹಾಗಾಗಿ ಚಳಿಯ ತಿಂಗಳು ಬಿಟ್ಟು ಉಳಿದಂತೆ ಹಿಂದಿನ ದಿನದ್ದನ್ನು ರಾತ್ರಿ ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿಟ್ಟು ಬೆಳಿಗ್ಗೆ ಹಂಚುತ್ತೇವೆ. ಮನೆಯಲ್ಲೇ ಮಾಡಿಕೊಳ್ಳುವವರಿಗೆ ಹೆಪ್ಪು ಪುಕ್ಕಟೆ, ಡಬ್ಬಿ ಮಾತ್ರ ತೊಳೆದು ಒಣಗಿಸಿ ತರಬೇಕು. ಮಧ್ಯಾಹ್ನಕ್ಕೂ ಉಳಿದರೆ ಹುಳಿ ಜಾಸ್ತಿಯಾಗಿ ಮಕ್ಕಳು ಮುಟ್ಟುವುದಿಲ್ಲ. ಅದರಲ್ಲಿ ಒಂದು ಸೌಟನ್ನು ಸಂಜೆಯ ಹಿಟ್ಟಿಗೆ ಸೇರಿಸಿದರೆ ರಾತ್ರಿಯ ಹುದುಗು ಬೇಗ ಹತ್ತುತ್ತದೆ.