ನೆರಳು ವಾಪಸ್ ಬಂದ ಮೇಲೇ ಆಟ ಶುರುವಾಯಿತು

'ಸ್ಪ್ಲಿಂಟರ್ ಸೆಲ್' ಗೇಮ್ ಪಿಸಿಗೆ ಬಂದಿದ್ದು 2003ರಲ್ಲಿ. ಆಗ ಹಾಸ್ಟೆಲ್‌ನಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ, ರೂಮಿನ ಲೈಟ್ ಆರಿಸಿಕೊಂಡು ಆಡಿದ್ದೆ. ಹೋದ ತಿಂಗಳು ಆಸೆಯಾಗಿ ಹೊಸ ಕಂಪ್ಯೂಟರಿಗೆ ಹಾಕಿದೆ. ಗೇಮ್ ತೆರೆದುಕೊಂಡಿತು, ಎಲ್ಲೂ ತಡವರಿಸದೆ ಓಡಿತು. ಆದರೆ ಇರಬೇಕಾದ ಕಡೆ ನೆರಳೇ ಇಲ್ಲ!

ಬೇರೆ ಗೇಮ್ ಆಗಿದ್ದರೆ ಹೋಗಲಿ ಬಿಡು ಅನ್ನಬಹುದಿತ್ತು. ಇದರಲ್ಲಿ ನೆರಳೇ ಆಟ. ಗೇಮಿನ ನಾಯಕ ಸ್ಯಾಮ್ ಫಿಶರ್ ಕತ್ತಲಲ್ಲಿ ಅಡಗಿಕೊಂಡೇ ಮುಂದೆ ಹೋಗಬೇಕು, ಬಲ್ಬ್ ಕಂಡರೆ ಗುಂಡು ಹೊಡೆದು ಒಡೆಯಬೇಕು. ಅವನ ಮೇಲೆ ಎಷ್ಟು ಬೆಳಕು ಬಿದ್ದಿದೆ ಅಂತ ತೋರಿಸೋಕೆ ತೆರೆಯ ಮೂಲೆಯಲ್ಲಿ ಒಂದು ಮೀಟರ್ ಬೇರೆ ಇದೆ. ನನ್ನಲ್ಲಿ ಮೀಟರ್ ಕತ್ತಲು ಅನ್ನುತ್ತಿತ್ತು, ಕಣ್ಣಿಗೆ ಮಾತ್ರ ಎಲ್ಲ ಬೆಳಕಾಗಿ ಕಾಣುತ್ತಿತ್ತು. ಎಲ್ಲಿ ಅಡಗೋದು, ಹೇಳಿ?

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ಗೇಮ್‌ನಲ್ಲಿ ನೆರಳು ಬಿಡಿಸೋಕೆ ಎರಡು ದಾರಿ ಇವೆ. ಚೆನ್ನಾಗಿರೋ ದಾರಿಯ ಹೆಸರು ಶ್ಯಾಡೋ ಬಫರ್. ಗೇಮ್ ಮೊದಲು ಬಲ್ಬ್ ಇರೋ ಜಾಗದಿಂದ ನೋಡಿ, ಒಂದೊಂದು ವಸ್ತು ಎಷ್ಟು ದೂರ ಇದೆ ಅಂತ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಚಿತ್ರ ಬಿಡಿಸುವಾಗ, ಆ ಅಳತೆಗಿಂತ ಹಿಂದೆ ಇರೋದೆಲ್ಲ ನೆರಳಲ್ಲಿದೆ ಅಂತ ತೀರ್ಮಾನ. ಈ ಹೋಲಿಕೆಯನ್ನು ಆಗಿನ ಜಿಫೋರ್ಸ್ 3, ಜಿಫೋರ್ಸ್ 4 ಟಿಐ ಗ್ರಾಫಿಕ್ಸ್ ಕಾರ್ಡುಗಳೇ ಮಾಡಿಕೊಡುತ್ತಿದ್ದವು. ಎಕ್ಸ್‌ಬಾಕ್ಸ್‌ನ ಚಿಪ್ ಕೂಡ ಅದೇ ಬಳಗದ್ದು. ಆದರೆ ಗೇಮ್ ಮತ್ತು ಕಾರ್ಡು ಮಾತಾಡಿಕೊಳ್ಳೋ ಭಾಷೆಯಾದ ಡೈರೆಕ್ಟ್3ಡಿ 8ರ ನಿಯಮದಲ್ಲಿ ಈ ಸೌಲಭ್ಯ ಇರಲಿಲ್ಲ. ಹಾಗಾಗಿ ಹಳೇ ಗೇಮ್ ಕೇಳೋ ರೀತಿಗೆ ಹೊಸ ಕಾರ್ಡಿನಿಂದ ಸರಿಯಾದ ಉತ್ತರ ಬರುವುದಿಲ್ಲ.

ನೆರಳಿನ ಇನ್ನೊಂದು ದಾರಿಯ ಹೆಸರು ಪ್ರೊಜೆಕ್ಟರ್. ಗೇಮಿನ ಸೆಟ್ಟಿಂಗ್ ಇರೋ ಇನಿ ಫೈಲ್ ತಿದ್ದಿ ಅದನ್ನೂ ಹಾಕಿ ನೋಡಿದೆ. ನೆರಳು ಬಂತು, ಆದರೆ ನನ್ನ ನೆನಪಿನಲ್ಲಿದ್ದ ನೆರಳು ಅದಲ್ಲ. ಒಪ್ಪೋಕೆ ಮನಸ್ಸಾಗಲಿಲ್ಲ.

ಕೊನೆಗೆ ಕೈ ಹಿಡಿದದ್ದು ಡಿಜಿವೂಡೂ 2. ಹಳೇ ಗೇಮ್ ಕೇಳೋದನ್ನು ಹೊಸ ಡೈರೆಕ್ಟ್3ಡಿ 11ಕ್ಕೆ ತಿಳಿಯೋ ಹಾಗೆ ಹೇಳೋ ದುಭಾಷಿ ಇದು, ಉಚಿತವಾಗಿ ಸಿಗುತ್ತದೆ. ಅದರ ಎಂಎಸ್ ಫೋಲ್ಡರ್ ಒಳಗಿನ ಎಕ್ಸ್86 ಭಾಗದಿಂದ ಡಿ3ಡಿ8.ಡಿಎಲ್‌ಎಲ್ ತೆಗೆದುಕೊಳ್ಳಬೇಕು. ಎಕ್ಸ್64 ಬೇಡ, ಗೇಮ್ 32 ಬಿಟ್‌ನದು. ನಾನು ಫೈಲನ್ನು ಗೇಮ್‌ನ ಹೊರಗಿನ ಫೋಲ್ಡರಿಗೆ ಹಾಕಿ ಒಂದು ಸಂಜೆ ಪೂರ್ತಿ ಕಳೆದೆ. ಏನೂ ಬದಲಾಗಲಿಲ್ಲ. ಅದು ಇರಬೇಕಾದದ್ದು ಸಿಸ್ಟಮ್ ಫೋಲ್ಡರಿನಲ್ಲಿ, ಸ್ಪ್ಲಿಂಟರ್‌ಸೆಲ್.ಎಕ್ಸ್‌ಇ ಪಕ್ಕದಲ್ಲೇ. ನೀವು ಮಾಡುವಾಗ ಡಿಜಿವೂಡೂ ವಾಟರ್‌ಮಾರ್ಕ್ ಮೊದಲಿಗೆ ಆನ್ ಇಟ್ಟುಕೊಳ್ಳಿ. ತೆರೆಯ ಬಲ ಮೂಲೆಯಲ್ಲಿ ಅದರ ಗುರುತು ಕಂಡರೆ ಫೈಲ್ ಸರಿಯಾದ ಜಾಗದಲ್ಲಿದೆ ಅಂತ ಅರ್ಥ. ಆಮೇಲೆ ತೆಗೆದುಬಿಡಬಹುದು.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಡಿಜಿವೂಡೂ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಡೈರೆಕ್ಟ್‌ಎಕ್ಸ್ ಟ್ಯಾಬ್ ಒತ್ತಿದರೆ ಕಾರ್ಡುಗಳ ಪಟ್ಟಿ ಬರುತ್ತದೆ. ಅದರಲ್ಲಿ 'ಜಿಫೋರ್ಸ್4 ಟಿಐ 4800' ಇದೆ! ಆರಿಸಿದೆ. ಈಗ ಗೇಮ್ ತಾನು ಇನ್ನೂ ಆ ಕಾಲದ ಕಾರ್ಡಿನ ಮೇಲೇ ಇದ್ದೀನಿ ಅಂದುಕೊಳ್ಳುತ್ತದೆ. ಜೊತೆಗೆ ಇನಿಯಲ್ಲಿ ಪ್ರೊಜೆಕ್ಟರ್ ತೆಗೆದು ಮೊದಲಿದ್ದ ಹಾಗೆ ಮಾಡಿದೆ. ಫ್ರೇಮ್ ಜಾಸ್ತಿ ಓಡದಂತೆ ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿದೆ.

ಗೇಮಿನಲ್ಲಿ ಜಾರ್ಜಿಯಾದ ತಿಬಿಲಿಸಿ ನಗರದ ಮೊದಲ ಹಂತ ತೆರೆದೆ. ಕಬ್ಬಿಣದ ಜಾಲರಿಯ ಹಿಂದೆ ಒಂದು ದೀಪ. ಜಾಲರಿಯ ಒಂದೊಂದು ಸರಳಿನ ನೆರಳಿನ ಗೆರೆಯೂ ಸ್ಯಾಮ್‌ನ ಬೆನ್ನ ಮೇಲೆ ಬಿದ್ದಿತ್ತು. ಅವನು ನಡೆದ ಹಾಗೆ ಗೆರೆಗಳು ಹೆಗಲಿನಿಂದ ತೋಳಿಗೆ ಜಾರಿದವು. ಎರಡು ಹೆಜ್ಜೆ ಹಿಂದೆ ಸರಿಸಿದೆ. ಗೆರೆಗಳು ಮಾಯವಾದವು, ಮೀಟರಿನ ಗುರುತು ಕತ್ತಲ ಕಡೆಗೆ ಇಳಿಯಿತು. ಎದ್ದು ಹೋಗಿ ರೂಮಿನ ಲೈಟ್ ಆರಿಸಿ ಬಂದು ಕೂತೆ.