ಭಾನುವಾರ ಚರ್ಚಿನಲ್ಲಿ ಬೈಬಲ್ ವಾಕ್ಯ ಓದುವ ಸರದಿ ನಿಮ್ಮದಾ?

ಬೀದರಿನ ನಮ್ಮ ಸಭೆಯಲ್ಲಿ ವಾಕ್ಯ ಓದಲು ಎದ್ದವರು ಪುಟ ಹುಡುಕುವುದೇ ಮೈಕ್ ಮುಂದೆ ನಿಂತ ಮೇಲೆ. ಶನಿವಾರ ಸಂಜೆ ಅರ್ಧ ಗಂಟೆ ಕೂತರೆ ಈ ಪಜೀತಿ ತಪ್ಪುತ್ತದೆ.

ಮೊದಲು ವರ್ಷ ಯಾವುದು ನೋಡಿ. ಯಾವ ಭಾನುವಾರ ಬೈಬಲಿನ ಯಾವ ಭಾಗ ಓದಬೇಕು ಎಂಬ ಪಟ್ಟಿ, 1992ರ ರಿವೈಸ್ಡ್ ಕಾಮನ್ ಲೆಕ್ಷನರಿ, ಮೂರು ವರ್ಷದ ಸುತ್ತು. ಎ ವರ್ಷ ಮತ್ತಾಯನ ಸುವಾರ್ತೆ, ಬಿ ಮಾರ್ಕನದು, ಸಿ ಲೂಕನದು. ಯೋಹಾನನಿಗೆ ಸ್ವಂತ ವರ್ಷವಿಲ್ಲ, ಮೂರರಲ್ಲೂ ಬರುತ್ತಾನೆ. ಇಸವಿಯನ್ನು 3ರಿಂದ ಭಾಗಿಸಿ: ಶೇಷ 1 ಉಳಿದರೆ ಎ, 2 ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. ಎಡವುವುದು ಡಿಸೆಂಬರಿನಲ್ಲಿ. ಸಭೆಯ ಹೊಸ ವರ್ಷ ಕ್ರಿಸ್ಮಸ್‌ಗೆ ನಾಲ್ಕು ಭಾನುವಾರ ಮುಂಚೆಯೇ ಶುರು. ಅಂದರೆ 2026ರ ನವೆಂಬರ್ 29ಕ್ಕೆ 2027ರ ಲೆಕ್ಕ, ಬಿ ವರ್ಷ. ನಿಮ್ಮಲ್ಲಿ ಸಭಾಪಾಲಕರೇ ವಾಕ್ಯ ಆರಿಸುತ್ತಾರಾ? ಹಾಗಾದರೆ ಈ ಲೆಕ್ಕ ಬಿಡಿ, ಅವರಿಗೇ ಫೋನ್ ಮಾಡಿ.

ವಚನ 1-6, 13-14 ಎಂದಿದ್ದರೆ ನಡುವಿನದು ಓದಬಾರದು. ಪೆನ್ಸಿಲ್‌ನಿಂದ ಗುರುತು ಹಾಕಿ.

ಇನ್ನು ನಿಜವಾದ ಕೆಲಸ, ಉಸಿರು. ‘ಆತನನ್ನು ಸತ್ತವರೊಳಗಿಂದ ಎಬ್ಬಿಸಿದ ದೇವರು’ ಎಂಬಂಥ ಸಾಲು ಬಂತು ಅನ್ನಿ. ‘ಎಬ್ಬಿಸಿದ’ ಆದ ಮೇಲೆ ನಿಂತಿರೋ, ಕೆಟ್ಟಿತು. ಮಾತಿನಲ್ಲಿ ನಾವು ‘ಬಂದ, ಹೋದ’ ಅನ್ನುತ್ತೇವಲ್ಲ, ಹಾಗೇ ಕೇಳಿಸಿ ವಾಕ್ಯ ಮುಗಿಯಿತು ಅಂದುಕೊಳ್ಳುತ್ತಾರೆ. ‘ದೇವರು’ ಒಂಟಿಯಾಗಿ ನೇತಾಡುತ್ತಾನೆ. ಹಾಗಾಗಿ ‘ಎಬ್ಬಿಸಿದ ದೇವರು’ ಒಂದೇ ಉಸಿರಿಗೆ ಬರಲಿ, ಉಸಿರಿಗೆ ನಿಲ್ಲುವ ಗುರುತಿನ ಅಡ್ಡಗೆರೆ ಅದರ ನಂತರ ಹಾಕಿ. ಪೌಲನ ಪತ್ರಿಕೆಗಳಲ್ಲಿ ಇದು ಜಾಸ್ತಿ. ಎ ವರ್ಷದ ಅಡ್ವೆಂಟ್ (ಕ್ರಿಸ್ಮಸ್‌ಗೆ ಮುಂಚಿನ ಆ ನಾಲ್ಕು ಭಾನುವಾರಗಳ ಕಾಲ) ನಾಲ್ಕನೇ ಭಾನುವಾರ ಬರುವ ರೋಮಾಪುರದವರಿಗೆ 1:1-7 ಗ್ರೀಕಿನಲ್ಲಿ ಒಂದೇ ವಾಕ್ಯ! ಅದನ್ನು ಕನಿಷ್ಠ ಐದು ಸಲ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ.

ಹೆಸರುಗಳನ್ನು ಬಿಡಿಸಿ ಬರೆದುಕೊಳ್ಳಿ. ಪೆಂತೆಕೊಸ್ತ್ ಹಬ್ಬದ ದಿನ ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ ಓದುತ್ತಿದ್ದ ಒಬ್ಬ ಹುಡುಗ ಪಾರ್ಥ್ಯರು, ಮೇದ್ಯರವರೆಗೆ ಚೆನ್ನಾಗಿ ಬಂದ. ಕಪ್ಪದೋಕ್ಯದಲ್ಲಿ ತಡವರಿಸಿದ. ಫ್ರುಗ್ಯ, ಪಂಫುಲ್ಯ ಕಂಡದ್ದೇ ‘ಇತ್ಯಾದಿ’ ಅಂದುಬಿಟ್ಟ. ಹೊರಗೆ ಬಂದ ಮೇಲೆ ಅಜ್ಜಿಯೊಬ್ಬರು ಕೇಳಿದರು, “ತಮ್ಮಾ, ಆ ಇತ್ಯಾದಿ ಊರು ಎಲ್ಲದ?”

ಮೊಬೈಲಿನಲ್ಲಿ ಓದಬೇಡಿ. ಒತ್ತಕ್ಷರ ಒಡೆದುಹೋಗುವ ಆ್ಯಪ್‌ಗಳಿವೆ, ನಡುವೆ ಕಾಲ್ ಬೇರೆ ಬರುತ್ತದೆ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಅಂತೂ ಬೇಡವೇ ಬೇಡ, ಕೊನೆಯ ಸಾಲು ಕಟ್ಟಾಗಿರುತ್ತದೆ. ದೊಡ್ಡ ಅಕ್ಷರದ ಬೈಬಲ್ ಸಾಕು.

ಕೀರ್ತನೆಯಲ್ಲಿ ಅರ್ಧ ನಿಮ್ಮದು, ಅರ್ಧ ಸಭೆಯದು ಎಂದಿದ್ದರೆ ಅವರು ಮುಗಿಸುವವರೆಗೆ ಸುಮ್ನೆ ನಿಲ್ಲಿ. ‘ಹಲೋ ಹಲೋ’ ಅಂತ ಮೈಕ್ ತಟ್ಟುವುದೆಲ್ಲ ಆರಾಧನೆಗೆ ಮುಂಚೆಯೇ ಆಗಲಿ.