ಹಣ್ಣಿನ ಸಕ್ಕರೆಯಿಂದ ನಡೆಯುವ ಪ್ಯಾಚ್: ಲ್ಯಾಬಿನಲ್ಲಿ ಮಾಡುವ ಬಗೆ

ನಮ್ಮ ಅಮ್ಮನಿಗೆ ಸೂಜಿ ಎಂದರೆ ಇವತ್ತಿಗೂ ಭಯ. ಸಣ್ಣ ಕರೆಂಟಿನಿಂದ ಔಷಧಿಯನ್ನು ಚರ್ಮದೊಳಗೆ ತಳ್ಳುವ ಪ್ಯಾಚ್ ನನಗೆ ಹಿಡಿಸಿದ್ದು ಅದಕ್ಕೇ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಮತ್ಸುಹಿಕೊ ನಿಶಿಜಾವಾ ಅವರ ತಂಡ ಇದನ್ನು ಬೇರೆ ಬ್ಯಾಟರಿ ಇಲ್ಲದೆ, ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಮತ್ತು ಗಾಳಿಯಿಂದಲೇ ನಡೆಸಿ ತೋರಿಸಿದೆ. ಅದರ ಸರಳ ರೂಪವನ್ನು ಎಂಎಸ್ಸಿ ಮಕ್ಕಳ ಜೊತೆ ಮಾಡಿದ್ದೇನೆ. ನೀವೂ ಮಾಡಬಹುದು.

ಕಾರ್ಬನ್ ಬಟ್ಟೆಯ ಎರಡು ಸಣ್ಣ ತುಂಡು ತಗೊಳ್ಳಿ. ಕಾರ್ಬನ್ ನ್ಯಾನೋಟ್ಯೂಬ್ (ಅತಿ ಸಣ್ಣ ಇಂಗಾಲದ ಕೊಳವೆಗಳು) ದ್ರಾವಣ ಹನಿಸಿ ಒಣಗಿಸಿ. ಒಂದಕ್ಕೆ ಫ್ರಕ್ಟೋಸ್ ಡಿಹೈಡ್ರೋಜಿನೇಸ್ ಎಂಬ ಎಂಜೈಮ್ ಹಾಕಿ. ಅದು ಸಕ್ಕರೆಯಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಇನ್ನೊಂದಕ್ಕೆ ಬಿಲಿರುಬಿನ್ ಆಕ್ಸಿಡೇಸ್ ಎಂಬ ಎಂಜೈಮ್. ಅದು ಆ ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಕೊಟ್ಟು ನೀರು ಮಾಡುತ್ತದೆ. ಎಂಜೈಮ್ ಐಸಿನ ಮೇಲೇ ಇರಲಿ.

ಗ್ಲೂಕೋಸ್ ಯಾಕಾಗಬಾರದು ಅಂತ ಮಕ್ಕಳು ಕೇಳುತ್ತಾರೆ. ಗ್ಲೂಕೋಸಿನ ಎಂಜೈಮಾದ ಗ್ಲೂಕೋಸ್ ಆಕ್ಸಿಡೇಸ್ ಪಕ್ಕದಲ್ಲಿರುವ ಆಮ್ಲಜನಕಕ್ಕೇ ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ, ತಂತಿಗೆ ಬರುವುದು ಕಡಿಮೆ. ಫ್ರಕ್ಟೋಸಿನ ಎಂಜೈಮಿಗೆ ಆ ಚಾಳಿ ಇಲ್ಲ. ನೇರವಾಗಿ ನ್ಯಾನೋಟ್ಯೂಬಿಗೆ ದಾಟಿಸುತ್ತದೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ವಿಷಯ ಇದು.

ಈಗ ಜೆಲ್. ಪಿಎಚ್ 5ರ ಬಫರಿನಲ್ಲಿ (ಆಮ್ಲೀಯತೆ ಬದಲಾಗದಂತೆ ತಡೆಯುವ ದ್ರಾವಣ) ಅಗರ್ (ಕಡಲಕಳೆಯ ಜೆಲ್ ಪುಡಿ) ಕುದಿಸಿ ಎರಡು ಬಿಲ್ಲೆ ಹೊಯ್ಯಿರಿ. ಒಂದಕ್ಕೆ ಮಾತ್ರ ಫ್ರಕ್ಟೋಸ್ ಮತ್ತು ಔಷಧಿಯ ಬದಲಿಗೆ ರೋಡಮೈನ್ 6ಜಿ ಎಂಬ ಬಣ್ಣ ಸೇರಿಸಿ. ಗ್ಲೌಸ್ ಹಾಕಿಕೊಳ್ಳಿ. ಚರ್ಮದ ಬದಲಿಗೆ ದಪ್ಪ ಅಗರ್ ಹಲಗೆ ಸಾಕು. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಯಾರ ಕೈಗೂ ಅಂಟಿಸಬೇಡಿ, ನಿಮ್ಮ ಕೈಗೂ ಬೇಡ. ಬಿಲ್ಲೆಗಳನ್ನು ಹಲಗೆಯ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಇಡಿ. ಒಂದಕ್ಕೊಂದು ತಾಗಿದರೆ ಕರೆಂಟ್ ಹತ್ತಿರದ ದಾರಿ ಹಿಡಿಯುತ್ತದೆ, ಹಲಗೆಯೊಳಗೆ ಇಳಿಯುವುದೇ ಇಲ್ಲ. ಬಣ್ಣದ ಬಿಲ್ಲೆಯ ಮೇಲೆ ಫ್ರಕ್ಟೋಸ್ ಎಂಜೈಮಿನ ಬಟ್ಟೆ, ಇನ್ನೊಂದರ ಮೇಲೆ ಉಳಿದದ್ದು.

ನಾವು ಎಡವಿದ್ದು ಇಲ್ಲೇ. ಜೆಲ್ ಒಣಗಬಾರದು ಅಂತ ಇಡೀ ಪ್ಯಾಚಿಗೆ ಪ್ಲಾಸ್ಟಿಕ್ ಟೇಪ್ ಸುತ್ತಿದೆವು. ಕರೆಂಟ್ ಇಳಿಯುತ್ತಾ ಹೋಯಿತು. ಎರಡು ದಿನ ಎಂಜೈಮನ್ನೇ ಬೈದುಕೊಂಡೆವು. ಆಮೇಲೆ ಒಬ್ಬ ಹುಡುಗಿ ಟೇಪ್ ಕಿತ್ತಳು, ಮೀಟರಿನ ಮುಳ್ಳು ಮೇಲೇರಿತು! ಬಿಲಿರುಬಿನ್ ಆಕ್ಸಿಡೇಸಿನ ಕಡೆ ಗಾಳಿ ಆಡಲೇಬೇಕು.

ತಂತಿ ಜೋಡಿಸುವ ಮೊದಲು ಮಲ್ಟಿಮೀಟರ್ 0.7 ವೋಲ್ಟಿನ ಸುತ್ತಮುತ್ತ ತೋರಿಸಬೇಕು. ನಂತರ ಒಂದು ರೆಸಿಸ್ಟರ್ ಮೂಲಕ ಎರಡೂ ಬಟ್ಟೆ ಸೇರಿಸಿ. ರೆಸಿಸ್ಟರ್ ಸಣ್ಣದಾದಷ್ಟೂ ಕರೆಂಟ್ ಜಾಸ್ತಿ. ಚರ್ಮಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ ಚದರ ಸೆಂಟಿಮೀಟರಿಗೆ 0.5 ಮಿಲಿಆಂಪ್. ಅದರೊಳಗೇ ಇರಲಿ.

ಜೊತೆಗೆ ತಂತಿ ಜೋಡಿಸದ ಇನ್ನೊಂದು ಪ್ಯಾಚನ್ನೂ ಇಡಿ, ಯಾಕೆಂದರೆ ಬಣ್ಣ ಸುಮ್ನೆ ಇಟ್ಟರೂ ಸ್ವಲ್ಪ ಇಳಿಯುತ್ತದೆ. ಕೆಲವು ಗಂಟೆ ಬಿಟ್ಟು ಎರಡೂ ಹಲಗೆಗಳನ್ನು ಬ್ಲೇಡಿನಿಂದ ಸೀಳಿ, ಬಣ್ಣ ಎಷ್ಟು ಆಳಕ್ಕೆ ಹೋಗಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ.